ಚೆಕ್ಕಿಂಗ್ ಅಕ್ಕನ ಆರು ವಾರದ ಪ್ರೋತ್ಸಾಹ ಸೇವೆ

೧೪ ಜುಲೈ, ಭಾನುವಾರ
ಊಟವಾದ ಮೇಲೆ

ಪ್ರೀತಿಯ ಗುಂಡುಪಿನ್ನಿಗೆ,

ಅಕ್ಕನ ಕಡೆಯಿಂದ ಕರ್ತನ ಹೆಸರಿನಲ್ಲಿ ವಂದನೆ, ಕೆನ್ನೆಗೊಂದರಂತೆ ಎರಡು ಮುತ್ತು, ನಿನ್ನ ಭಾವನ ಕಡೆಯಿಂದ ಒಂದು ಕೆಮ್ಮು. ಅವರು ಪಕ್ಕದ ಕುರ್ಚಿಯಲ್ಲಿ ಕಿವಿಯ ಮಿಷನ್ ತೆಗೆದಿಟ್ಟು ಪೇಪರ್ ಓದುತ್ತಿದ್ದಾರೆ. "ಗುಂಡುಪಿನ್ನಿಗೆ ಏನಾದ್ರೂ ಹೇಳ್ಬೇಕಾ?" ಎಂದು ಕೂಗಿ ಕೇಳಿದೆ. ಕೆಮ್ಮಿದರು. ಅದನ್ನು ನಾನು ಪ್ರೀತಿಯೆಂದು ಅನುವಾದಿಸಿ ಇಲ್ಲಿ ನಮೂದಿಸಿದ್ದೇನೆ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ತಡಕ್ಕೆ ಕಾರಣ ಕೊಡಬೇಕು. ಮೊಣಕಾಲು ನೋವು ಎನ್ನಬಹುದಿತ್ತು, ಆದರೆ ಮೊಣಕಾಲಿನಿಂದ ಯಾರೂ ಪತ್ರ ಬರೆಯುವುದಿಲ್ಲ. ಕನ್ನಡಕ ಒಡೆಯಿತು ಎನ್ನಬಹುದಿತ್ತು. ಒಡೆದದ್ದು ನಿಜ, ಮೂರೇ ದಿನಕ್ಕೆ ಹೊಸದು ಬಂದದ್ದೂ ನಿಜ. ಅಸಲಿ ಕಾರಣ ನಿನ್ನ ಪತ್ರದ ಎರಡನೆಯ ಪುಟದಲ್ಲಿದೆ. ನಿಮ್ಮ ಸಭೆಯ ಸ್ತ್ರೀಯರ ಕೂಟದವರು ಆಗಸ್ಟಿನಲ್ಲಿ ಒಂದು ದಿನ ಎದ್ದು ನಿಂತು, ಕರ್ತನು ನಿನ್ನ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳು ಎಂದು ನಿನ್ನನ್ನು ಕೇಳಿದ್ದಾರೆ. ಜುಲೈ ಮುಗಿಯುವುದರೊಳಗೆ ಹೂಂ ಅಥವಾ ಊಹೂಂ ತಿಳಿಸಬೇಕು. ನೀನು ಊಹೂಂ ಎನ್ನುವವಳಿದ್ದೀ. "ನಾಲ್ಕು ಜನರ ಮುಂದೆ ಮಾತಾಡೋಕೆ ನಂಗೆ ಬರಲ್ಲ ಅಂತ ನಿಂಗೇ ಗೊತ್ತಲ್ಲಕ್ಕ" ಎಂದು ಬರೆದಿದ್ದೀ. ಆ ಒಂದು ವಾಕ್ಯಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ನನಗೆ ಕಪಾಟು ಒರೆಸುವ ತುರ್ತು ಕೆಲಸ ನೆನಪಾಗುತ್ತಿತ್ತು. ನಮ್ಮ ಮನೆಯ ಕಪಾಟುಗಳು ಈಗ ನೋಡುವ ಹಾಗಿವೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು "ಹೋಗ್ಲಿ ಬಿಡಕ್ಕ" ಎಂದು ಮಾತು ಮುಗಿಸಿಬಿಡುತ್ತೀ. ಪತ್ರ ಓದುವವರಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಸಾವಧಾನವಾಗಿ ಕೂತು ಮೊದಲು ಇಲ್ಲಿಯ ಸುದ್ದಿ ಓದು. ಅದು ತಿಳಿಯದೆ ನನ್ನ ಉತ್ತರ ತಿಳಿಯುವುದಿಲ್ಲ.

ಮೇ ತಿಂಗಳ ಒಂದು ಭಾನುವಾರ ನಮ್ಮ ಪಾಸ್ಟರು ಪ್ರಸಂಗದ ನಡುವೆ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಯಾರಿಗೋ ಕಾದಿದೆ ಎಂದರ್ಥ. "ನೀವು ಒಬ್ಬರ ತಪ್ಪನ್ನ ಒಬ್ಬರು ಕ್ಷಮಿಸ್ತೀರಿ, ಬಹಳ ಸಂತೋಷ. ಕ್ಷಮಿಸ್ಬೇಕಾದ್ರೆ ಮೊದ್ಲು ತಪ್ಪು ಹುಡುಕ್ಬೇಕು. ಆ ಕೆಲಸದಲ್ಲಂತೂ ನಮ್ಮ ಸಭೇನ ಮೀರ್ಸೋರಿಲ್ಲ. ಆದ್ರೆ ಒಬ್ಬರಲ್ಲಿರೋ ಒಳ್ಳೇದನ್ನ ಹುಡುಕಿ, ಅವರ ಮುಖ ನೋಡಿ ಹೇಳಿದ್ದು ಯಾವಾಗ?" ಎಂದರು. ಎಲ್ಲರೂ ಅವರವರ ಚಪ್ಪಲಿ ನೋಡಿಕೊಂಡೆವು.

ಪಾಸ್ಟರು ಅಷ್ಟಕ್ಕೇ ಬಿಡಲಿಲ್ಲ. ನೆಲ ಒರೆಸುವ ಬಕೆಟ್ಟನ್ನು ತೊಳೆಸಿ, ಅದರ ತುಂಬ ಹೆಸರು ಬರೆದ ಚೀಟಿಗಳನ್ನು ಹಾಕಿ, ಬಾಗಿಲಲ್ಲಿ ಹಿಡಿದು ನಿಂತರು. ಯಾರ ಚೀಟಿ ಬರುತ್ತದೋ ಅವರನ್ನು ಆರು ವಾರ ಬಲಪಡಿಸಬೇಕು. ವಾರಕ್ಕೊಮ್ಮೆ, ಎದುರೆದುರಿಗೆ, ಒಂದೇ ಒಂದು ಒಳ್ಳೆಯ ಮಾತು. ಮಾತು ನಿಜವಾಗಿರಬೇಕು. ಇದಕ್ಕೆ ಪ್ರೋತ್ಸಾಹ ಸೇವೆ ಎಂದು ನಾಮಕರಣವೂ ಆಯಿತು.

ನಿನ್ನ ಭಾವನ ಕೈಗೆ ನನ್ನದೇ ಚೀಟಿ ಬಂತು. ಇಡೀ ಬಕೆಟ್ಟಿನಲ್ಲಿ ಇನ್ಯಾರೂ ಸಿಗಲಿಲ್ಲವೇ ಎಂಬ ಮುಖ ಮಾಡಿದರು. ಆಮೇಲೆ ಪ್ರತಿ ಬುಧವಾರ ಗಡ್ಡ ಬೋಳಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಕಾಫಿ ಬಿಸಿ ಇದೆ" ಎನ್ನತೊಡಗಿದರು.

"ಇದು ಪ್ರೋತ್ಸಾಹಾನಾ?"

"ನಿಜ ತಾನೆ?" ಎಂದು ಕೇಳಿ ಹೊರಟುಹೋಗುತ್ತಿದ್ದರು.

ನನಗೆ ಬಂದದ್ದು ಮೀಟರಿನವರ ಚೀಟಿ. ನೀನು ಇಲ್ಲಿಂದ ಹೋದ ಮೇಲೆ ಬಂದವರು, ನಿನಗೆ ಗೊತ್ತಿಲ್ಲ. ವಾರದ ಆರು ದಿನ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ, ಮನೆಮನೆಯ ನಾಯಿಗಳಿಂದ ಬೊಗಳಿಸಿಕೊಂಡು, ಏಳನೆಯ ದಿನ ನಮ್ಮ ಸಭೆಯಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಸಾಧು ಮನುಷ್ಯ. ಬೆರಳುಗಳೂ ಸಾಧು, ಯಾವ ಕೀಯನ್ನೂ ಅವಸರಪಡಿಸಿ ಒತ್ತುವುದಿಲ್ಲ. ಕೀರ್ತನೆಯ ಒಂದು ಸಾಲು ಮುಗಿದ ಮೇಲೆ ಮುಂದಿನ ಸಾಲಿಗೆ ಬರುವಷ್ಟರಲ್ಲಿ ನಾವೆಲ್ಲ ಬಾಯಿ ತೆರೆದುಕೊಂಡು ನಿಂತಿರುತ್ತೇವೆ.

ಈಗ ನಿನ್ನ ಅಕ್ಕನ ಯೋಗ್ಯತೆಯನ್ನು ಒಮ್ಮೆ ನೆನಪಿಸಿಕೊ. ಮೂವತ್ತೊಂದು ವರ್ಷ ಗಾರ್ಮೆಂಟ್ಸಿನ ಚೆಕ್ಕಿಂಗ್ ಮೇಜಿನ ಮುಂದೆ ನಿಂತವಳು. ಅಂಗಿ ಬರುತ್ತದೆ, ತಿರುಗಿಸಿ ನೋಡುತ್ತೇನೆ, ಹೊಲಿಗೆ ಎಲ್ಲಿ ಹಾರಿದೆಯೋ ಅಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುತ್ತೇನೆ. ಸರಿಯಿದ್ದರೆ ಏನೂ ಮಾಡುವುದಿಲ್ಲ, ಮುಂದಿನ ಮೇಜಿಗೆ ಎಸೆಯುತ್ತೇನೆ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಕಣ್ಣಿಗೆ ನಿವೃತ್ತಿ ಆಗಿಲ್ಲ. ಹಾಡು ನಡೆಯುವಾಗ ಕೈಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ ತೆರೆದುಕೊಂಡು, ಕೀಬೋರ್ಡು ಎಲ್ಲೆಲ್ಲಿ ತಪ್ಪಿತು ಎಂದು ಗುರುತು ಹಾಕಿಕೊಳ್ಳುವ ಅಭ್ಯಾಸ ನನಗೆ ಬಂದುಬಿಟ್ಟಿತ್ತು. ಪಕ್ಕದ ಬೆಂಚಿನವರು ನಾನು ಪ್ರಸಂಗದ ಟಿಪ್ಪಣಿ ಬರೆಯುತ್ತೇನೆಂದು ತಿಳಿದು ಬಹಳ ಗೌರವ ಕೊಡುತ್ತಿದ್ದರು. ನಾನೂ ತಿದ್ದಲು ಹೋಗಿರಲಿಲ್ಲ.

ಮೊದಲನೆಯ ವಾರ ಆರಾಧನೆ ಮುಗಿದ ಮೇಲೆ ಮೀಟರಿನವರ ಬಳಿ ಹೋಗಿ, ನಗುಮುಖದಿಂದ, "ಹೋದ ವಾರ ಹನ್ನೊಂದು ತಪ್ಪಿತ್ತು, ಈ ವಾರ ಏಳೇ!" ಎಂದೆ. ನನ್ನ ಮಟ್ಟಿಗೆ ಅದು ಹಾರ ಹಾಕಿದಷ್ಟು ದೊಡ್ಡ ಮಾತು. ಅವರು ಕೀಬೋರ್ಡಿಗೆ ಬಟ್ಟೆ ಹೊದಿಸುತ್ತಿದ್ದವರು ಹಾಗೇ ನಿಂತರು. "ಎಣಿಸ್ತೀರಾ ಅಕ್ಕ?" ಎಂದರು. "ಹೂಂ, ಬರೆದಿಡ್ತೀನಿ" ಎಂದು ಹೆಮ್ಮೆಯಿಂದ ಹೇಳಿ ಬಂದೆ.

ಎರಡನೆಯ ವಾರ ತಪ್ಪು ಹದಿನಾಲ್ಕಕ್ಕೆ ಏರಿತು. ನಿಜ ಹೇಳಬೇಕು, ಒಳ್ಳೆಯದನ್ನೂ ಹೇಳಬೇಕು. ತಲೆಯಿಂದ ಕಾಲಿನವರೆಗೆ ನೋಡಿ, ಪ್ರಮಾಣ ಮಾಡಿ ಹೇಳಬಹುದಾದದ್ದು ಒಂದೇ ಕಂಡಿತು. "ನಿಮ್ಮ ಅಂಗಿ ಕಾಲರ್ ಬಹಳ ನೇರವಾಗಿದೆ" ಎಂದೆ. ಅವರು ಕಾಲರ್ ಮುಟ್ಟಿ ನೋಡಿಕೊಂಡರು.

ಮೂರನೆಯ ವಾರ ನಿಜದ ಸಹವಾಸವೇ ಬೇಡವೆನಿಸಿತು. ನೆಟ್ಟಗೆ ಹೋಗಿ, "ಇವತ್ತು ದೇವದೂತರು ನುಡಿಸಿದ ಹಾಗಿತ್ತು" ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು.

"ಅಕ್ಕ, ಇವತ್ತು ಕರೆಂಟ್ ಇರ್ಲಿಲ್ಲ. ನಾನು ನುಡಿಸ್ಲೇ ಇಲ್ಲ."

ಹೌದಲ್ಲ! ಎಲ್ಲರೂ ಬರೀ ಚಪ್ಪಾಳೆ ತಟ್ಟಿ ಹಾಡಿದ್ದೆವು. ಕರೆಂಟಿನ ಆಫೀಸಿನವರ ಮುಂದೆ ಕರೆಂಟಿಲ್ಲದ ದಿನ ಸಿಕ್ಕಿಬಿದ್ದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಮನೆಗೆ ಬಂದು ಭಾವನಿಗೆ ಹೇಳಿದರೆ, ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಕಿವಿಯ ಮಿಷನ್ ಬಿದ್ದುಹೋಗಿ ಸೋಫಾದ ಕೆಳಗೆ ಹುಡುಕಬೇಕಾಯಿತು.

ಆ ಶನಿವಾರ ಸಂಜೆ ಮೀಟರಿನವರ ಹೆಂಡತಿ ಮನೆಗೆ ಬಂದಳು. ಅವಳು ನಮ್ಮ ಫ್ಯಾಕ್ಟರಿಯವಳೇ, ಈಗಲೂ ಕಾಲರ್ ಹೊಲಿಯುತ್ತಾಳೆ. ಒಂಬತ್ತು ವರ್ಷ ಅವಳ ಕಾಲರುಗಳು ನನ್ನ ಮೇಜಿಗೇ ಬಂದಿವೆ. ಶಿಫ್ಟ್ ಮುಗಿಸಿ ನೇರ ಬಂದಿದ್ದಳು, ಜಡೆಯಲ್ಲಿ ಬಿಳಿ ನೂಲಿನ ಎಳೆ ಹಾಗೇ ಇತ್ತು. ಕೂರು ಎಂದರೆ ಕುರ್ಚಿಯ ತುದಿಯಲ್ಲಿ ಕೂತಳು.

"ಮೇಡಂ, ನಮ್ಮನೆಯವ್ರು ಇನ್ಮೇಲೆ ನುಡಿಸಲ್ವಂತೆ. ಪಾಸ್ಟರಿಗೆ ಹೇಳ್ಬಿಟ್ಟು ಬಂದಿದಾರೆ."

"ಅಯ್ಯೋ, ಯಾಕೆ?"

"ನೀವು ಎಣಿಸ್ತೀರಂತೆ. ಬೆರಳು ನಡುಗ್ತವಂತೆ."

"ಎಣಿಸೋಕೆ ಶುರುಮಾಡಿ ಎರಡು ವರ್ಷ ಆಯ್ತಲ್ಲೇ!"

"ಎರಡು ವರ್ಷ ಅವ್ರಿಗೆ ಗೊತ್ತಿರ್ಲಿಲ್ಲ ಮೇಡಂ. ಬಲಪಡಿಸ್ತೀನಿ ಅಂತ ನೀವೇ ಹೋಗಿ ಹೇಳಿದ್ರಿ."

ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಅವಳು ಹಿಂದೆಯೇ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಫ್ಯಾಕ್ಟರಿಯಲ್ಲಿ ನನ್ನ ಮುಂದೆ ತಲೆ ಎತ್ತದವಳು.

"ಮೇಡಂ, ಒಂದು ಕೇಳ್ತೀನಿ, ಬೇಜಾರಾಗ್ಬೇಡಿ. ಒಂಬತ್ತು ವರ್ಷ ನಿಮ್ಮ ಮೇಜಿಗೆ ಕಾಲರ್ ಕಳ್ಸಿದೀನಿ. ನೀವು ಬಾಣ ಅಂಟ್ಸಿದ್ದು ಒಂದೊಂದೂ ನೆನಪಿದೆ. ಅಂಟ್ಸದೇ ಇದ್ದಿದ್ದು ಎಷ್ಟು?"

"ಅದನ್ನ ಯಾರು ಲೆಕ್ಕ ಇಡ್ತಾರೆ? ಸಾವಿರಾರು ಇರ್ಬೇಕು. ನಿನ್ನ ಕೈ ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕಿತ್ತು?"

"ವಾಪಸ್ ಬರ್ಲಿಲ್ವಲ್ಲ!"

"ವಾಪಸ್ ಬರ್ದೇ ಇರೋದೇ ಹೊಗಳಿಕೆನಾ ಮೇಡಂ?"

ಹಾಲು ಉಕ್ಕಿತು. ನಾನು ಒಲೆ ಆರಿಸಲಿಲ್ಲ, ಅವಳೇ ಕೈಚಾಚಿ ಆರಿಸಿದಳು. ಚಹಾ ಕುಡಿದು, "ಚಹಾ ಚೆನ್ನಾಗಿದೆ" ಎಂದು ಬಾಯಿಬಿಟ್ಟು ಹೇಳಿ ಹೋದಳು. ಹೇಳುವುದು ಹೇಗೆ ಎಂದು ಮಾಡಿ ತೋರಿಸಿ ಹೋದಳೋ ಏನೋ.

ಮಾರನೆಯ ದಿನ ಕೀಬೋರ್ಡಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಮೀಟರಿನವರು ಕೊನೆಯ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೈಕಟ್ಟಿ ಕೂತಿದ್ದರು. ಪಾಸ್ಟರು ತಮ್ಮ ಫೋನನ್ನು ಸ್ಪೀಕರಿಗೆ ಸಿಕ್ಕಿಸಿ ಕೀರ್ತನೆಯ ಸಂಗೀತ ಹಾಕಿದರು. ಎರಡನೆಯ ಕೀರ್ತನೆಯಲ್ಲಿ ಯಾರೋ ಅವರಿಗೆ ಫೋನು ಮಾಡಿದರು. ಇಡೀ ಸಭೆ ಭಕ್ತಿಯಿಂದ ಎದ್ದು ನಿಂತು ರಿಂಗ್‌ಟೋನ್ ಕೇಳಿದೆವು. ಅದೊಂದನ್ನು ಬಿಟ್ಟರೆ ಸಂಗೀತದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನನ್ನ ಪೆನ್ನಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ್ದರಿಂದ ನಾನು ಎರಡು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಹಾಡುವವರನ್ನು ನೋಡಿದೆ.

ಎರಡನೆಯ ಬೆಂಚಿನಲ್ಲಿ ಉಬ್ಬಸದ ಅಜ್ಜಿ ಕೂರುತ್ತಾರೆ. ಮೊದಲ ಸಾಲನ್ನು ಎಲ್ಲರ ಜೊತೆ ಹಾಡಿದರು. ಅದು ಮುಗಿದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಫೋನು ಎರಡನೆಯ ಸಾಲಿನ ನಡುವೆ ಇತ್ತು. ಮೂರನೆಯದನ್ನು ಹಿಡಿಯಲು ನೋಡಿದರು, ಅದೂ ತಪ್ಪಿತು. ಆಮೇಲೆ ಬಾಯಿ ಮುಚ್ಚಿ, ಪುಸ್ತಕದ ಮೇಲೆ ಬೆರಳು ಓಡಿಸುತ್ತ ನಿಂತುಬಿಟ್ಟರು. ಅಷ್ಟು ವರ್ಷ ಆ ಅಜ್ಜಿಯ ದನಿ ಹಾಡಿನ ನಡುವೆ ನಿಂತದ್ದನ್ನು ನಾನು ಕೇಳಿರಲಿಲ್ಲ. ಇವತ್ತೇನಾಯಿತು?

ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವಿದೆ. ಒಂದನೆಯ ಸಾಲಿನ ಕೊನೆ, ತಡ. ಎರಡನೆಯ ಸಾಲಿನ ಕೊನೆ, ತಡ. ಮೂರನೆಯ ಸಾಲಿನ ಕೊನೆ, ಬಹಳ ತಡ. ಪ್ರತಿ ವಾರವೂ ಹೀಗೇ. ನೋಡು, ಒಂದೇ ತಪ್ಪು ಒಂದೇ ಜಾಗದಲ್ಲಿ ನೂರು ಅಂಗಿಯಲ್ಲಿ ಬಂದರೆ ನಾವು ಹೊಲಿದವರನ್ನು ಬಯ್ಯುವುದಿಲ್ಲ, ಬಟ್ಟೆ ಕತ್ತರಿಸಿದ ಅಚ್ಚನ್ನು, ಅಂದರೆ ಪ್ಯಾಟರ್ನನ್ನು, ತರಿಸಿ ನೋಡುತ್ತೇವೆ. ಅಷ್ಟು ಕರಾರುವಾಕ್ಕಾಗಿ ಕೈ ತಪ್ಪುವುದಿಲ್ಲ. ಯಾರೋ ಬೇಕೆಂದೇ ಹಾಗೆ ಕತ್ತರಿಸಿರುತ್ತಾರೆ. ಈ ಪಾಠವನ್ನು ಹೊಸಬರಿಗೆ ಹೇಳಿಕೊಟ್ಟವಳೇ ನಾನು. ಎರಡು ವರ್ಷ ಬರೆದುಕೊಂಡೆ, ಒಂದು ದಿನವೂ ಪ್ಯಾಟರ್ನ್ ನೋಡಲಿಲ್ಲ.

ಅಂದೇ ಮಧ್ಯಾಹ್ನ ಅವರ ಮನೆಗೆ ಹೋದೆ. ಮೀಟರಿನವರು ಮೆಟ್ಟಿಲ ಮೇಲೆ ಕೂತು ಸೋಮವಾರಕ್ಕೆ ಷೂ ಪಾಲಿಷ್ ಮಾಡುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು, ಒಂದು ಕೈಯಲ್ಲಿ ಷೂ ಹಾಕಿಕೊಂಡೇ ನಮಸ್ಕಾರ ಮಾಡಿದರು.

"ಏಳು ತಪ್ಪು ಅಂದಿದ್ದೆನಲ್ಲ, ಅದರಲ್ಲಿ ಐದು ತಪ್ಪಲ್ಲ" ಎಂದೆ.

"ಮತ್ತೇನು?"

"ಉಬ್ಬಸದ ಅಜ್ಜಿ. ಅವರು ಉಸಿರು ತಗೊಳ್ಳೋವರೆಗೂ ನೀವು ಕಾಯ್ತೀರಿ."

ಅವರು ಷೂ ಕೆಳಗಿಟ್ಟು ಅತ್ತಿತ್ತ ನೋಡಿದರು, ಏನೋ ಕದ್ದವರ ಹಾಗೆ. "ಅಜ್ಜಿಗೆ ಹೇಳ್ಬೇಡಿ ಅಕ್ಕ. ತನಗೋಸ್ಕರ ಎಲ್ರನ್ನೂ ನಿಲ್ಲಿಸ್ತಿದಾರೆ ಅಂತ ಗೊತ್ತಾದ್ರೆ ನಾಚ್ಕೊಂಡು ಹಾಡೋದೇ ಬಿಟ್ಬಿಡ್ತಾರೆ."

"ಎಷ್ಟು ವರ್ಷದಿಂದ?"

"ಉಬ್ಬಸ ಬಂದಾಗಿಂದ. ಆರು ವರ್ಷ ಆಗಿರ್ಬೇಕು."

"ನಂಗೂ ಹೇಳಿಲ್ವಲ್ರೀ!" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಹಿಂದೆಯೇ ಅವಳೂ ಬಂದಳು.

"ಇವತ್ತು ಅವರು ಹಾಡ್ಲಿಲ್ಲ. ನೋಡಿದ್ರಾ?" ಎಂದೆ.

"ನೋಡ್ದೆ" ಎಂದರು. ಪಾಲಿಷ್ ಡಬ್ಬಿಯ ಮುಚ್ಚಳ ತಿರುಗಿಸಿ ಮುಚ್ಚಿದರು. "ಮುಂದಿನ ಭಾನುವಾರ ಬರ್ತೀನಿ ಅಕ್ಕ. ಆದ್ರೆ ಆ ಇನ್ನೆರಡು?"

"ಅವು ತಪ್ಪೇ."

ಅವರು ಬಿದ್ದು ಬಿದ್ದು ನಕ್ಕರು. ಸುಳ್ಳು ಹೊಗಳಿಕೆಗೆ ಹಿಂದೊಮ್ಮೆ ನಗದಿದ್ದ ಮನುಷ್ಯ ನಿಜವಾದ ತಪ್ಪಿಗೆ ಹಾಗೆ ನಕ್ಕರು. ಹೊರಡುವಾಗ ಅವಳನ್ನು ಗೇಟಿನ ಹತ್ತಿರ ಕರೆದು, "ಒಂದು ಮಾತು ಬಾಕಿಯಿದೆ. ನಿನ್ನ ಕಾಲರಿನ ಎರಡು ತುದಿ ಎಷ್ಟು ಸಮ ಇರ್ತಿತ್ತು ಅಂದ್ರೆ, ಕೊನೆ ಮೂರು ವರ್ಷ ನಾನು ಟೇಪ್ ಇಟ್ಟು ನೋಡೋದನ್ನೇ ಬಿಟ್ಟಿದ್ದೆ" ಎಂದೆ. ಅವಳು, "ಈಗ ಹೇಳ್ತೀರಲ್ಲ ಮೇಡಂ!" ಎಂದು ಗದರಿದಳು. ಗದರುವಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

ಈಗ ಮೀಟರಿನವರು ಮತ್ತೆ ನುಡಿಸುತ್ತಾರೆ. ಇವತ್ತೂ ನುಡಿಸಿದರು. ಸಾಲಿನ ಕೊನೆಗೆ ನಾವೆಲ್ಲ ಬಾಯಿ ತೆರೆದು ನಿಲ್ಲುತ್ತೇವೆ, ಅಜ್ಜಿ ಉಸಿರು ಎಳೆದುಕೊಳ್ಳುತ್ತಾರೆ, ಹಾಡು ಮುಂದೆ ಹೋಗುತ್ತದೆ. ಯಾಕೆಂದು ಗೊತ್ತಿರುವುದು ನಮ್ಮ ಮೂವರಿಗೆ, ಈಗ ನಿನಗೆ. ನೀನು ಯಾರಿಗೂ ಬಾಯಿಬಿಡಬೇಡ. ಒಬ್ಬರನ್ನು ಬಲಪಡಿಸುವುದೆಂದರೆ ಸಕ್ಕರೆ ಹಂಚುವುದು ಎಂದುಕೊಂಡಿದ್ದೆ, ನನ್ನ ಡಬ್ಬಿಯಲ್ಲಿ ಸಕ್ಕರೆ ಇಲ್ಲವಲ್ಲ ಎಂದು ಪೇಚಾಡಿದ್ದೆ. ಹಾಗಲ್ಲವಂತೆ. ನೋಡಬೇಕಂತೆ, ಚೆಕ್ಕಿಂಗಿನವರಿಗಿಂತ ಹೆಚ್ಚು ಹತ್ತಿರದಿಂದ. ನೋಡಿದ್ದನ್ನು ಬಾಯಲ್ಲಿ ಹೇಳಬೇಕಂತೆ. ನಮ್ಮ ಕರ್ತನು ನಮ್ಮನ್ನು ನೋಡುವುದೂ ಹಾಗೇ ಇರಬೇಕು, ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ವಾಪಸ್ ಹೋಗಬೇಕಾಗುತ್ತಿತ್ತು ಹೇಳು.

ಆರು ವಾರ ಮುಗಿದ ಮೇಲೂ ನಿನ್ನ ಭಾವ ಸೇವೆ ನಿಲ್ಲಿಸಿಲ್ಲ. ಹೋದ ಬುಧವಾರ ಬಾಗಿಲಲ್ಲಿ ನಿಂತು, "ನೀನಿಲ್ದಿದ್ರೆ ಈ ಮನೆ ಬಹಳ ನಿಶ್ಶಬ್ದ ಇರ್ತಿತ್ತು" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನಿನ್ನೂ ವಿಚಾರ ಮಾಡುತ್ತಿದ್ದೇನೆ.

ಸುದ್ದಿ ಇಷ್ಟು. ಇನ್ನು ನಿನ್ನ ಪ್ರಶ್ನೆಗೆ ಉತ್ತರ: ಹೂಂ ಅನ್ನು. ಅಕ್ಕನ ಅಪ್ಪಣೆ ಎಂದು ತಿಳಿ, ಬೇಕಾದರೆ ಬೇಡಿಕೆ ಎಂದು ತಿಳಿ. ಊಟ ಬಿಡಬೇಡ, ಸೊಂಟಕ್ಕೆ ಎಣ್ಣೆ ಹಚ್ಚಿಕೊ, ಯಜಮಾನರಿಗೆ ನನ್ನ ವಂದನೆ ತಿಳಿಸು. ಕರ್ತನು ನಮ್ಮಿಬ್ಬರ ನಾಲಿಗೆಯನ್ನೂ ಆಶೀರ್ವದಿಸಲಿ. ನಿನ್ನದನ್ನು ಬಿಚ್ಚಲಿ, ನನ್ನದನ್ನು ಆಗಾಗ ಕಟ್ಟಲಿ.

ಇಂತು ನಿನ್ನ,
ಅಕ್ಕ

ಮರೆತ ಮಾತು: ಮರೆತಿರಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ನಿನಗೆ ಮಾತಾಡಲು ಬರುವುದಿಲ್ಲ ಎಂದು ನನಗೆ ಗೊತ್ತು ಎಂದು ಬರೆದಿದ್ದೀ. ಹಾಗೆಂದು ನಿನಗೆ ಹೇಳಿಕೊಟ್ಟವಳು ನಾನೇ. ಅಮ್ಮ ತೀರಿಕೊಂಡ ಮೂರನೆಯ ಭಾನುವಾರ ನೀನು ಸಭೆಯಲ್ಲಿ ಎದ್ದು ನಿಂತೆ. ಹದಿನಾಲ್ಕು ವರ್ಷವಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೋಳು ಹಿಡಿದು, "ಹೇಗಿತ್ತಕ್ಕ?" ಎಂದೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತ, "ಹತ್ತೊಂಬತ್ತು ಸಲ 'ಅಂದ್ರೆ' ಅಂದೆ" ಎಂದೆ. ನೀನು ನಕ್ಕುಬಿಟ್ಟೆ. ತೋಳು ಬಿಟ್ಟೆ. ಆಮೇಲೆ ನೀನು ಯಾವ ಸಭೆಯಲ್ಲೂ ಎದ್ದು ನಿಲ್ಲಲಿಲ್ಲ.

ಅಂದು ನೀನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಅಮ್ಮನ ಕಾಯಿಲೆಯಲ್ಲಿ ನಂಗೆ ಪ್ರಾರ್ಥನೆನೇ ಬರ್ತಿರ್ಲಿಲ್ಲ. ಅಂದ್ರೆ, ಬೆಳಿಗ್ಗೆ ಅಮ್ಮನ ತಲೆ ಬಾಚ್ತಿದ್ದೆ. ಅಂದ್ರೆ, ಕೂದಲು ಹಿಡಿ ಹಿಡಿ ಕೈಗೆ ಬರ್ತಿತ್ತು. ಅಮ್ಮಂಗೆ ಕಾಣ್ಬಾರ್ದು ಅಂತ ಮುಷ್ಟಿಯಲ್ಲಿ ಮುಚ್ಕೊಂಡು ಇನ್ನೊಂದು ಕೈಯಲ್ಲಿ ಬಾಚ್ತಿದ್ದೆ. ಆ ಮುಷ್ಟಿ ಹಿಡ್ಕೊಂಡಿದ್ದೇ ನನ್ನ ಪ್ರಾರ್ಥನೆ."

ಅಮ್ಮನ ಕಾಯಿಲೆಯ ಆ ನಾಲ್ಕು ತಿಂಗಳು ನಾನು ಓವರ್‌ಟೈಮ್ ಮಾಡುತ್ತಿದ್ದೆ. ಮಾಡಲೇಬೇಕೆಂದು ಯಾರೂ ಹೇಳಿರಲಿಲ್ಲ. ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಅಮ್ಮನನ್ನು ನೋಡಲು ನನಗೆ ಭಯವಾಗುತ್ತಿತ್ತು, ಗುಂಡುಪಿನ್ನು. ನಾನು ಅವಳ ತಲೆಯನ್ನು ಒಂದು ಸಲವೂ ಬಾಚಲಿಲ್ಲ. ನೀನು ಆ ಮಾತು ಹೇಳಿದಾಗ ಕೇಳಲಾಗಲಿಲ್ಲ. ಅದಕ್ಕೇ ಎಣಿಸಲು ಶುರುಮಾಡಿದೆ.

ಬಸ್ಸಿನಲ್ಲಿ ಹೇಳಬೇಕಾಗಿದ್ದದ್ದು ಇದು. ಆ ಸಭೆಯಲ್ಲಿ ಅದಕ್ಕಿಂತ ನಿಜವಾದ ಸಾಕ್ಷಿಯನ್ನು ನಾನು ಕೇಳಿಲ್ಲ. ಅಮ್ಮನನ್ನು ನೀನು ಬಹಳ ಚೆನ್ನಾಗಿ ನೋಡಿಕೊಂಡೆ.

ಆಗಸ್ಟಿನಲ್ಲಿ ಅದನ್ನೇ ಹೇಳು, ಎಲ್ಲ 'ಅಂದ್ರೆ'ಗಳ ಸಮೇತ. ಮನೆಗೆ ಹೋಗಲು ಭಯಪಡುವ ಮಗಳೊಬ್ಬಳು ಆ ಕೂಟದಲ್ಲೂ ಕೂತಿರುತ್ತಾಳೆ.